ರೇಸ್ ಕೆಟ್ಟ ಮೇಲೆ ಏನ್ ಮಾಡ್ಬೇಕು: ಪರ್ಫೆಕ್ಟ್ ಆಗೇ ಇರ್ಬೇಕು ಅನ್ನೋ ಅಥ್ಲೀಟ್‌ಗಳಿಗೆ ಹಂತ ಹಂತವಾಗಿ

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಯೂನಿವರ್ಸಿಟಿ ಮೀಟ್‌ನಲ್ಲಿ 400 ಮೀಟರ್ ಹರ್ಡಲ್ಸ್ ಫೈನಲ್ ಓಡಿದ್ದೆ. ಹತ್ತು ಹರ್ಡಲ್ ಇರುತ್ತೆ ಅದ್ರಲ್ಲಿ, ಏಳರವರೆಗೂ ನಾನೇ ಮುಂದೆ, ಎಂಟನೇದಕ್ಕೆ ಬರೋಷ್ಟರಲ್ಲಿ ಸ್ಟೆಪ್ಸ್ ಲೆಕ್ಕ ತಪ್ಪಿ ಹಿಂದಿನ ಕಾಲಿನ ಮಂಡಿ ಹರ್ಡಲ್‌ಗೆ ಬಡೀತು, ಬೀಳ್ಲಿಲ್ಲ, ಆದ್ರೆ ಓಡ್ತಿದ್ದೋಳು ನಿಂತೇ ಹೋದೆ ಅನ್ನೋ ಹಾಗಾಯ್ತು, ಐದನೇ ಪ್ಲೇಸ್‌ಗೆ ಮುಗಿಸಿದೆ. ಆ ಒಂದು ತಪ್ಪಿಗೆ ಹೋಗಿದ್ದು ಹೆಚ್ಚೂ ಕಮ್ಮಿ ಎರಡು ಸೆಕೆಂಡ್. ಅವತ್ತು ರಾತ್ರಿ ಊಟ ಮಾಡ್ಲಿಲ್ಲ, ರೂಮ್‌ಮೇಟ್ಸ್ ಹತ್ರ ಮಾತಾಡ್ಲಿಲ್ಲ, ಮಾರನೇ ದಿನ ಬೆಳಗ್ಗೆ ಐದಕ್ಕೇ ಎದ್ದು ಒಬ್ಳೇ ಗ್ರೌಂಡಿಗೆ ಹೋಗಿ, ನಿನಗೆ ಬುದ್ಧಿ ಬರ್ಲಿ ಅಂತ ನನಗೆ ನಾನೇ ಬೈಕೊಂಡು ಹರ್ಡಲ್ ಮೇಲೆ ಹರ್ಡಲ್ ಹಾರ್ದೆ, ಸರಿಯಾಗಿ ವಾರ್ಮಪ್ ಕೂಡ ಮಾಡಿರ್ಲಿಲ್ಲ, ಪಾದ ಹೊರಳ್ತು. ಮೂರು ತಿಂಗಳು ಟ್ರ್ಯಾಕ್ ಕಡೆ ಹೋಗೋಕಾಗ್ಲಿಲ್ಲ.

ರೇಸ್‌ನಲ್ಲಿ ಕಳ್ಕೊಂಡಿದ್ದು ಎರಡು ಸೆಕೆಂಡ್, ರೇಸ್ ಆದ್ಮೇಲೆ ನಾನೇ ಕಳೆದಿದ್ದು ಮೂರು ತಿಂಗಳು. ಈಗ ಸುಮಾರು ವರ್ಷಗಳಿಂದ ಸಂಜೆ ಹೊತ್ತು ಜಿಲ್ಲಾ ಕ್ರೀಡಾಂಗಣದಲ್ಲಿ ಮಕ್ಕಳಿಗೆ ಹರ್ಡಲ್ಸ್ ಹೇಳ್ಕೊಡ್ತಿದ್ದೀನಿ, ಇದೇ ಕಥೆ ಬೇರೆ ಬೇರೆ ಮುಖದಲ್ಲಿ ನೋಡ್ತಾನೇ ಇದ್ದೀನಿ, ಅದೂ ಯಾರಲ್ಲಿ ಅಂದ್ರೆ ಎಲ್ಲರಿಗಿಂತ ಶಿಸ್ತಾಗಿ ಪ್ರಾಕ್ಟೀಸ್ ಮಾಡೋ ಮಕ್ಕಳಲ್ಲಿ. ಸ್ಟಾರ್ಟ್ ಪ್ರಾಕ್ಟೀಸ್ ಮಾಡಿಸ್ತೀವಿ, ಫಿನಿಶ್ ಪ್ರಾಕ್ಟೀಸ್ ಮಾಡಿಸ್ತೀವಿ, ಸೋತ ಮೇಲಿನ ಮೊದಲ ಹತ್ತು ನಿಮಿಷ ಹೇಗಿರ್ಬೇಕು ಅಂತ ಮಾತ್ರ ಯಾರೂ ಹೇಳ್ಕೊಡಲ್ಲ. ನಾನು ನನ್ನ ಮಕ್ಕಳಿಗೆ ಹೇಳ್ಕೊಡೋದನ್ನ ಇಲ್ಲಿ ಬರೀತಿದ್ದೀನಿ. ಉದಾಹರಣೆಗಳು ಟ್ರ್ಯಾಕ್‌ನದ್ದೇ ಜಾಸ್ತಿ ಇರುತ್ತೆ, ಶಟಲ್, ಸ್ವಿಮ್ಮಿಂಗ್, ಕಬಡ್ಡಿ ಆಡೋರು ನಿಮ್ಮ ಆಟಕ್ಕೆ ಹೊಂದಿಸ್ಕೊಳ್ಳಿ.

ಹಂತ 1: ನಿಮ್ಮದು ಯಾವ ಥರದ ಪರ್ಫೆಕ್ಷನ್ ಅಂತ ಮೊದಲು ನೋಡ್ಕೊಳ್ಳಿ

ಪರ್ಫೆಕ್ಷನಿಸಂ ಅಂದ್ರೆ ಒಂದೇ ಸಾಮಾನಲ್ಲ. ಮನಶ್ಶಾಸ್ತ್ರದಲ್ಲಿ 1990ರ ಸುಮಾರಿಂದ ಇದನ್ನ ಬಿಡಿಸಿ ನೋಡ್ತಾ ಬಂದಿದ್ದಾರೆ. ಫ್ರಾಸ್ಟ್ ಅನ್ನೋರು ಮತ್ತವರ ಜೊತೆಯವರು 1990ರಲ್ಲಿ, ಹ್ಯೂವಿಟ್ ಮತ್ತು ಫ್ಲೆಟ್ 1991ರಲ್ಲಿ ಇದನ್ನ ಅಳೆಯೋ ಪ್ರಶ್ನಾವಳಿಗಳನ್ನ ಮಾಡಿದ್ರು. ಸರಳವಾಗಿ ಹೇಳೋದಾದ್ರೆ ಎರಡು ಎಳೆ ಇದೆ. ಒಂದು, ನನ್ನ ಗುರಿ ಎತ್ತರದಲ್ಲಿರ್ಬೇಕು, ಇನ್ನೂ ಚೆನ್ನಾಗಿ ಮಾಡ್ಬೇಕು ಅನ್ನೋ ಹಟ. ಇನ್ನೊಂದು, ತಪ್ಪಾದ್ರೆ ಏನ್ ಗತಿ, ಎಲ್ರೂ ಏನಂದ್ಕೋತಾರೆ, ಅಪ್ಪ ಏನಂತಾರೆ, ಕೋಚ್ ಟೀಮಿಂದ ತೆಗೀತಾರಾ ಅನ್ನೋ ಹೆದರಿಕೆ. ಆಟಗಾರರನ್ನ ಹೊಡೆದು ಹಾಕೋದು ಜಾಸ್ತಿ ಈ ಎರಡನೇದು. ಸೋಲಿನ ಭಯ, ಸ್ಪರ್ಧೆಗೆ ಮುಂಚಿನ ಆತಂಕ, ಕೊನೆಗೆ ಆಟಾನೇ ಬೇಡ ಅನ್ಸೋ ಸುಸ್ತು, ಇದೆಲ್ಲ ಆ ಎರಡನೇ ಎಳೆಗೆ ಅಂಟ್ಕೊಂಡು ಬರುತ್ತೆ ಅಂತ ಅಧ್ಯಯನಗಳಲ್ಲಿ ಪದೇ ಪದೇ ಕಂಡಿದೆ.

ಕಷ್ಟ ಏನಂದ್ರೆ ಗೆಲ್ತಾ ಇರೋವಾಗ ಎರಡೂ ಒಂದೇ ಥರ ಕಾಣುತ್ತೆ. ಸಮಯಕ್ಕೆ ಮುಂಚೆ ಗ್ರೌಂಡಿಗೆ ಬರೋದು, ಹೇಳಿದ್ದಕ್ಕಿಂತ ಎರಡು ಸೆಟ್ ಜಾಸ್ತಿ ಮಾಡೋದು, ಡೈರಿ ನೀಟಾಗಿ ಬರೆಯೋದು, ಎರಡು ಥರದೋರೂ ಇದನ್ನೇ ಮಾಡ್ತಾರೆ. ಗೊತ್ತಾಗೋದು ಸೋತ ದಿನ ಮಾತ್ರ.

ಅದಕ್ಕೆ ಹಿಂದಿನ ಮೂರು ಕೆಟ್ಟ ಸ್ಪರ್ಧೆ ನೆನಪು ಮಾಡ್ಕೊಳ್ಳಿ. ಸೋತ ಮೇಲೆ ಫೋನ್ ಸ್ವಿಚ್ ಆಫ್ ಮಾಡಿದ್ರಾ? ಇಲ್ಲದೇ ಇರೋ ಕಾಲ್ನೋವು ಹೇಳಿದ್ರಾ? ಮುಂದಿನ ಈವೆಂಟ್‌ಗೆ ಹೆಸರು ಕೊಡೋಕೆ ಹಿಂಜರಿದ್ರಾ? ಮಾರನೇ ದಿನ ಶಿಕ್ಷೆ ಥರ ಪ್ರಾಕ್ಟೀಸ್ ಮಾಡಿದ್ರಾ? ಮೆಡಲ್ ಬಂದ್ರೂ ಟೈಮಿಂಗ್ ಸರಿ ಇಲ್ಲ ಅಂತ ಅತ್ತಿದ್ರಾ? ಇದರಲ್ಲಿ ಎರಡಕ್ಕೆ ಹೌದು ಅಂದ್ರೂ ಮುಂದೆ ಓದಿ. ಇದೇನು ವೈಜ್ಞಾನಿಕ ಪರೀಕ್ಷೆ ಅಲ್ಲ, ಗ್ರೌಂಡಲ್ಲಿ ನಾನು ಮಕ್ಕಳನ್ನ ಕೇಳೋ ಪ್ರಶ್ನೆಗಳು ಅಷ್ಟೇ.

ಹಂತ 2: ಸ್ಪರ್ಧೆಗೆ ಒಂದು ವಾರ ಮುಂಚೆ ಮೂರು ಗುರಿ ಬರ್ಕೊಳ್ಳಿ

ಒಂದೇ ಗುರಿ ಇಟ್ಕೊಂಡು ಹೋದ್ರೆ ಅದು ತಪ್ಪಿದ ಕೂಡ್ಲೇ ಕೈಯಲ್ಲಿ ಏನೂ ಉಳಿಯಲ್ಲ. ಅದಕ್ಕೆ ಮೂರು. ಎಲ್ಲಾ ಕೂಡಿ ಬಂದ ದಿನಕ್ಕೆ ಒಂದು, ಸಾಧಾರಣ ದಿನಕ್ಕೆ ಒಂದು, ಎಲ್ಲಾ ಕೆಟ್ಟ ದಿನಕ್ಕೆ ಒಂದು. ಮೂರನೇದನ್ನ ಬರೀರಿ ಅಂದ್ರೆ ಮಕ್ಕಳಿಗೆ ಸಿಟ್ಟು ಬರುತ್ತೆ, ‘ಅಕ್ಕ, ಅದನ್ನ ಬರೆದ್ರೆ ಅದೇ ಆಗುತ್ತೆ’ ಅಂತಾರೆ. ಆಗಲ್ಲ, ಬರೆಸಿ ನೋಡಿದ್ದೀನಿ. ನನ್ನ ಹತ್ರ ಬರೋ ಒಂದು ಹುಡುಗಿ ಬರ್ಕೊಂಡಿದ್ದು ಹೀಗಿತ್ತು: ಒಂದು, 66 ಸೆಕೆಂಡ್ ಒಳಗೆ ಓಡೋದು. ಎರಡು, ಮೊದಲ ಐದು ಹರ್ಡಲ್‌ವರೆಗೂ ಒಂದರಿಂದ ಇನ್ನೊಂದಕ್ಕೆ 17 ಸ್ಟೆಪ್ಸ್ ಬಿಡದೇ ಹೋಗೋದು. ಮೂರು, ಹರ್ಡಲ್ ತಾಗಿ ರಿದಮ್ ಹೋದ್ರೆ ಮುಂದಿನ ಹರ್ಡಲ್ ಕಡೆ ಕಣ್ಣಿಟ್ಟು ಅದೊಂದನ್ನ ಸರಿಯಾಗಿ ದಾಟೋದು. ಈ ಮೂರನೇದು ಯಾವ ದಿನ ಬೇಕಾದ್ರೂ ಅವಳ ಕೈಯಲ್ಲೇ ಇರುತ್ತೆ, ಪಕ್ಕದ ಲೇನ್‌ನೋರು ಎಷ್ಟು ಜೋರಾಗಿ ಓಡಿದ್ರೂ ಅದನ್ನ ಕಿತ್ಕೊಳ್ಳೋಕಾಗಲ್ಲ.

ತಪ್ಪೇ ಆಗದೆ ಇರೋ ಆಟ ಅನ್ನೋದು ಯಾವ ಲೆವೆಲ್‌ನಲ್ಲೂ ಇಲ್ಲ ಅನ್ನೋದಕ್ಕೆ ರೋಜರ್ ಫೆಡರರ್ 2024ರಲ್ಲಿ ಡಾರ್ಟ್‌ಮೌತ್ ಕಾಲೇಜ್ ಘಟಿಕೋತ್ಸವದಲ್ಲಿ ಹೇಳಿದ ಲೆಕ್ಕ ನಾನು ಎಲ್ಲರಿಗೂ ಹೇಳ್ತೀನಿ. ಅವನು ಆಡಿದ್ದು 1,526 ಸಿಂಗಲ್ಸ್ ಮ್ಯಾಚ್, ಹತ್ತಿರ ಹತ್ತಿರ 80 ಪರ್ಸೆಂಟ್ ಗೆದ್ದಿದ್ದಾನೆ, ಆದ್ರೆ ಆ ಮ್ಯಾಚ್‌ಗಳಲ್ಲಿ ಗೆದ್ದ ಪಾಯಿಂಟ್‌ಗಳು ಬರೀ 54 ಪರ್ಸೆಂಟ್. ಅಂದ್ರೆ ಹೆಚ್ಚೂ ಕಮ್ಮಿ ಎರಡು ಪಾಯಿಂಟ್‌ನಲ್ಲಿ ಒಂದು ಸೋತಿದ್ದಾನೆ. ನಮ್ಮ ನೀರಜ್ ಚೋಪ್ರಾನೇ ನೋಡಿ, 2024ರ ಪ್ಯಾರಿಸ್ ಫೈನಲ್‌ನಲ್ಲಿ ಆರು ಥ್ರೋದಲ್ಲಿ ಐದು ಫೌಲ್, ಸರಿಯಾಗಿದ್ದು ಒಂದೇ, 89.45 ಮೀಟರ್, ಅದಕ್ಕೇ ಬೆಳ್ಳಿ ಬಂತು. ಒಂದು ಥ್ರೋ ಫೌಲ್ ಆದ ತಕ್ಷಣ ಇವತ್ತಿನ ದಿನಾನೇ ಹೋಯ್ತು ಅಂತ ಕೈ ಚೆಲ್ಲೋ ಹುಡುಗ್ರಿಗೆ ಇದನ್ನ ಕೂರಿಸಿ ಹೇಳ್ಬೇಕು.

ಹಂತ 3: ಮೊದಲ ಹತ್ತು ನಿಮಿಷ

ಇಡೀ ಗೈಡ್‌ನಲ್ಲಿ ಇದೊಂದು ಹಂತ ಮಾತ್ರ ಓದ್ತೀನಿ ಅಂದ್ರೂ ನನಗೆ ಸಮಾಧಾನಾನೇ. ಕೆಡೋದೆಲ್ಲ ಇಲ್ಲೇ.

ಒಂದ್ಸಲ ರಾಜ್ಯ ಮಟ್ಟದ ಮೀಟ್‌ನಲ್ಲಿ ನಮ್ಮ ಹುಡುಗಿ ಒಬ್ಳು, 16 ವರ್ಷ, ಹೀಟ್ಸ್‌ನಲ್ಲೇ, ಅಂದ್ರೆ ಮೊದಲ ಸುತ್ತಲ್ಲೇ, ಔಟ್ ಆದ್ಲು. ಹುಡುಕ್ಕೊಂಡು ಹೋದ್ರೆ ಗ್ಯಾಲರಿ ಕೆಳಗಡೆ ನೆರಳಲ್ಲಿ ಕೂತಿದ್ಲು, ಸ್ಪೈಕ್ಸ್ (ಅಡಿಯಲ್ಲಿ ಮುಳ್ಳಿರೋ ಓಟದ ಶೂ) ಬಿಚ್ಚಿರ್ಲಿಲ್ಲ, ಚೆಸ್ಟ್ ನಂಬರ್‌ನಿಂದ ಒಂದು ಸೇಫ್ಟಿ ಪಿನ್ ತೆಗೆದು ಅದರ ತುದೀಲಿ ಸ್ಪೈಕ್ಸ್ ಸಂದಿಯ ಮಣ್ಣು ಕೆದಕ್ತಾ ಇದ್ಲು, ಮಣ್ಣೆಲ್ಲ ಹೋದ್ರೂ ಕೆದಕ್ತಾನೇ ಇದ್ಲು. ಪಕ್ಕದಲ್ಲಿ ಫೋನ್ ವೈಬ್ರೇಟ್ ಆಗ್ತಿತ್ತು, ಸ್ಕ್ರೀನ್ ಮೇಲೆ ‘ಅಪ್ಪ’. ಎತ್ತೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ. ನಾನು ಹೋಗಿ ಪಕ್ಕ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ‘ಅಕ್ಕ, ನಾನು ಇನ್ಮೇಲೆ ಬರಲ್ಲ’ ಅಂದ್ಲು. ರೇಸ್ ಮುಗಿದು ಹತ್ತು ನಿಮಿಷ ಆಗಿರ್ಲಿಲ್ಲ, ಎದೆ ಇನ್ನೂ ಬಡ್ಕೋತಿತ್ತು, ಆ ಸ್ಥಿತೀಲಿ ಆರು ವರ್ಷದ ಓಟ ಬಿಡೋ ತೀರ್ಮಾನ.

ಅವತ್ತಿಂದ ನಮ್ಮಲ್ಲಿ ಒಂದು ಕ್ರಮ ಇದೆ. ರೇಸ್‌ಗೆ ಮುಂಚೆ ಓಟಗಾರರನ್ನ ಸೇರಿಸೋ ಕಾಲ್ ರೂಮ್‌ಗೆ ಹೋಗೋಕೆ ಮುಂಚೆ ಫೋನ್ ನನ್ನ ಹತ್ರ ಅಥವಾ ಟೀಮ್‌ನ ಯಾರಾದ್ರೂ ಒಬ್ರ ಹತ್ರ ಇರುತ್ತೆ, ರೇಸ್ ಆಗಿ ಅರ್ಧ ಗಂಟೆ ವಾಪಸ್ ಕೊಡಲ್ಲ, ಗೆದ್ರೂ ಅಷ್ಟೇ ಸೋತ್ರೂ ಅಷ್ಟೇ, ಮನೆಯವರಿಗೂ ಮೊದಲೇ ಹೇಳಿರ್ತೀವಿ. ಫಿನಿಶ್ ಆದ ತಕ್ಷಣ ಕೂರೋ ಹಾಗಿಲ್ಲ, ನಡೀಬೇಕು. ನಡೀತಾ ಉಸಿರು ಒಳಗೆ ತಗೊಳೋದಕ್ಕಿಂತ ಹೊರಗೆ ಬಿಡೋದು ಉದ್ದ ಇರ್ಬೇಕು, ನಾಕು ಎಣಿಸ್ತಾ ಒಳಗೆ, ಆರೋ ಎಂಟೋ ಎಣಿಸ್ತಾ ಹೊರಗೆ. ಉಸಿರು ಬಿಡೋವಾಗ ಎದೆ ಬಡಿತ ನಿಧಾನ ಆಗುತ್ತೆ, ದೇಹದ ಏರ್ಪಾಡೇ ಹಾಗಿದೆ. ಓಡಿ ಬಂದ ತಕ್ಷಣ ಇದು ಆಗಲ್ಲ, ಒಂದೆರಡು ನಿಮಿಷ ಏದುಸಿರು ಇಳಿದ ಮೇಲೆ ಶುರು ಮಾಡಿ. ನೀರು ಕುಡೀರಿ, ಸ್ಪೈಕ್ಸ್ ಬಿಚ್ಚಿ ಚಪ್ಪಲಿ ಹಾಕೊಳ್ಳಿ. ಚಪ್ಪಲಿ ಚಿಕ್ಕ ವಿಷಯ ಅನ್ಸುತ್ತೆ, ಆದ್ರೆ ರೇಸ್ ಮುಗೀತು ಅಂತ ಕಾಲಿಗೆ ಗೊತ್ತಾಗ್ಬೇಕಲ್ವಾ.

ಎಲ್ರೂ ಬಂದು ಏನಾಯ್ತು ಏನಾಯ್ತು ಅಂತ ಕೇಳ್ತಾರೆ, ಅದಕ್ಕೆ ಒಂದು ಸಾಲು ಮೊದಲೇ ರೆಡಿ ಇಟ್ಕೊಳ್ಳಿ: ‘ಇವತ್ತು ಸರಿ ಹೋಗ್ಲಿಲ್ಲ, ನಾಳೆ ಮಾತಾಡ್ತೀನಿ.’ ವಿವರಣೆ ಕೊಡೋ ಸಾಲ ನಿಮ್ಮ ಮೇಲೆ ಯಾರದ್ದೂ ಇಲ್ಲ. ಇನ್ನು, ಈ ಹೊತ್ತಲ್ಲಿ ಆಟ ಬಿಡ್ತೀನಿ, ಕೋಚ್ ಬದಲಾಯಿಸ್ತೀನಿ, ಈವೆಂಟ್ ಬದಲಾಯಿಸ್ತೀನಿ ಅನ್ನೋ ಯಾವ ತೀರ್ಮಾನಾನೂ ತಗೋಬಾರ್ದು. ಮೂರು ದಿನ ಆದ್ಮೇಲೂ ಹಾಗೇ ಅನ್ಸಿದ್ರೆ ಕೂತು ಮಾತಾಡೋಣ, ಅವತ್ತು ನಾನು ಅಡ್ಡ ಬರಲ್ಲ.

ಹಂತ 4: ಅವತ್ತು ರಾತ್ರಿ

ಊಟ ಬಿಡ್ಬೇಡಿ. ರೇಸ್ ವಿಡಿಯೋ ನೋಡ್ಬೇಡಿ. ಅಳು ಬಂದ್ರೆ ಅತ್ತುಬಿಡಿ, ತಡೆಯೋದರಿಂದ ಯಾರಿಗೂ ಮೆಡಲ್ ಬಂದಿಲ್ಲ.

ಒಂದು ಕೆಲಸ ಮಾತ್ರ ಮಾಡಿ, ನಿಮಗೆ ಆಗ್ತಿರೋದಕ್ಕೆ ಸರಿಯಾದ ಹೆಸರಿಡಿ. ಬೇಜಾರು ಅನ್ನೋ ಒಂದೇ ಮಾತಲ್ಲಿ ನಾವು ಎಲ್ಲಾನೂ ತುರುಕ್ತೀವಿ. ಬೇಜಾರಿನ ಒಳಗೆ ಸಿಟ್ಟಿರಬಹುದು, ನಿರಾಸೆ ಇರಬಹುದು, ಹೊಟ್ಟೆಕಿಚ್ಚಿರಬಹುದು, ಅವಮಾನ ಇರಬಹುದು. ಅದ್ರಲ್ಲಿ ಎರಡನ್ನ ಬೇರೆ ಮಾಡ್ಲೇಬೇಕು. ‘ನಾನು ಮಾಡಿದ್ದು ಸರಿ ಇರ್ಲಿಲ್ಲ’ ಅನ್ನೋದು ತಪ್ಪಿನ ನೋವು. ‘ನಾನೇ ಸರಿ ಇಲ್ಲ’ ಅನ್ನೋದು ಅವಮಾನ. ಮೊದಲನೇದು ಗ್ರೌಂಡಿಗೆ ಕರ್ಕೊಂಡು ಹೋಗುತ್ತೆ, ಸ್ಟೆಪ್ಸ್ ಸರಿ ಮಾಡ್ಕೋಬೇಕು ಅನ್ಸುತ್ತೆ. ಎರಡನೇದು ಮುಸುಕು ಹಾಕೊಂಡು ಮಲಗೋ ಹಾಗೆ ಮಾಡುತ್ತೆ, ಇಲ್ಲಾ ನನ್ನ ಥರ ಬೆಳಗ್ಗೆ ಐದಕ್ಕೆ ಎಬ್ಬಿಸಿ ಮೈ ಮುರಿಸುತ್ತೆ. ತಪ್ಪಿನ ಹೆದರಿಕೆ ಇರೋ ಪರ್ಫೆಕ್ಷನಿಸ್ಟ್‌ಗೆ ಸೋತಾಗ ತಟ್ಟಂತ ಬರೋದು ಈ ಎರಡನೇದು, ಯಾಕಂದ್ರೆ ಅವರ ತಲೇಲಿ ಟೈಮಿಂಗೂ ತಾನೂ ಒಂದೇ ಆಗಿಬಿಟ್ಟಿರುತ್ತೆ.

ಒಂದು ನೋಟ್‌ಬುಕ್‌ನಲ್ಲಿ ಎರಡು ಮೂರು ಸಾಲು ಬರೀರಿ, ಸಾಕು. ‘ಅವಮಾನ ಆಗ್ತಿದೆ, ಯಾಕಂದ್ರೆ ಜೂನಿಯರ್ ಹುಡುಗಿ ನನಗಿಂತ ಮುಂದೆ ಬಂದ್ಲು.’ ಹೀಗೆ ನೇರವಾಗಿ. ಬರೆದಿದ್ದನ್ನ ಯಾರಿಗೂ ತೋರಿಸ್ಬೇಕಾಗಿಲ್ಲ.

ಹಂತ 5: ಮಾರನೇ ದಿನ ಅಲ್ಲ, ಅದರ ಮಾರನೇ ದಿನ ಲೆಕ್ಕ ಹಾಕಿ

ಒಂದು ದಿನ ಬಿಟ್ಟು ಕೂರ್ಬೇಕು. ಇಪ್ಪತ್ತು ನಿಮಿಷ ಅಲಾರಂ ಇಟ್ಕೊಳ್ಳಿ, ಅಲಾರಂ ಹೊಡೆದ ಮೇಲೆ ಮುಂದುವರಿಸ್ಬಾರ್ದು, ಯಾಕಂದ್ರೆ ಇಪ್ಪತ್ತು ನಿಮಿಷ ಆದ್ಮೇಲೆ ಹೊಸದೇನೂ ಸಿಗಲ್ಲ, ಅದೇ ಗಾಯ ಕೆರ್ಕೋತೀರಿ ಅಷ್ಟೇ. ಈಗ ವಿಡಿಯೋ ನೋಡಬಹುದು, ಎರಡು ಸಲ.

ಪುಟದಲ್ಲಿ ಮೂರು ಕಾಲಂ ಎಳೀರಿ. ಮೊದಲನೇದರಲ್ಲಿ ಕ್ಯಾಮೆರಾಗೆ ಕಾಣೋದು ಮಾತ್ರ. ‘ಚೆನ್ನಾಗಿ ಓಡ್ಲಿಲ್ಲ’ ಅಂತ ಬರೆಯೋ ಹಾಗಿಲ್ಲ, ಅದು ಕ್ಯಾಮೆರಾಗೆ ಕಾಣಲ್ಲ. ‘ಆರನೇ ಹರ್ಡಲ್ ಆದ್ಮೇಲೆ 17 ಸ್ಟೆಪ್ಸ್ ಬದಲು 18 ಆಯ್ತು, ಎಡಗಾಲು ಬರ್ಬೇಕಾದ ಕಡೆ ಬಲಗಾಲು ಬಂತು’, ಇದು ಕಾಣುತ್ತೆ. ಎರಡನೇದರಲ್ಲಿ ಇದು ಯಾರ ಕೈಯಲ್ಲಿತ್ತು ಅಂತ. ಎದುರು ಗಾಳಿ, ಲೇನ್ ನಂಬರ್, ಹೀಟ್ಸ್ ಎರಡು ಗಂಟೆ ತಡ ಆಗಿದ್ದು, ಇದ್ಯಾವುದೂ ನಿಮ್ಮ ಕೈಯಲ್ಲಿರ್ಲಿಲ್ಲ. ಪರ್ಫೆಕ್ಷನಿಸ್ಟ್ ಮಕ್ಕಳು ಇಲ್ಲಿ ಮೋಸ ಮಾಡ್ತಾರೆ, ಗಾಳೀನೂ ತಮ್ಮದೇ ತಪ್ಪು ಅಂತ ಬರೀತಾರೆ, ಅದಕ್ಕೆ ಈ ಕಾಲಂ ಕೋಚ್ ಜೊತೆ ಕೂತು ತುಂಬಿಸಿದ್ರೆ ಒಳ್ಳೇದು. ಮೂರನೇ ಕಾಲಂನಲ್ಲಿ ಒಂದೇ ಒಂದು ಬದಲಾವಣೆ, ಮುಂದಿನ ಎರಡು ವಾರಕ್ಕೆ. ಹತ್ತು ತಪ್ಪು ಕಂಡ್ರೂ ಒಂದೇ ಆರಿಸ್ಕೊಳ್ಳಿ.

ಈ ಲೆಕ್ಕದಲ್ಲಿ ಒಂದೊಂದ್ಸಲ ತಪ್ಪು ಅನ್ನೋದೇ ಸಿಗಲ್ಲ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಇದೇ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ 55.42 ಸೆಕೆಂಡ್‌ಗೆ ಮುಗಿಸಿದ್ರು, ಕಂಚು ಗೆದ್ದ ರೊಮೇನಿಯಾದವಳದ್ದು 55.41. ಒಂದು ಸೆಕೆಂಡ್‌ನ ನೂರನೇ ಒಂದು ಭಾಗ. ನಾನು ಹರ್ಡಲ್ಸ್ ಓಡಿದೋಳಾಗಿ ಹೇಳ್ತೀನಿ, ಆ 0.01ಕ್ಕೆ ಕಾರಣ ಹುಡುಕ್ತಾ ಕೂತ್ರೆ ಜೀವನ ಪೂರ್ತಿ ಹುಡುಕಬಹುದು. ಎರಡು ವರ್ಷ ಆದ್ಮೇಲೆ 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಅವರು ನಾಕು ಚಿನ್ನ ಒಂದು ಬೆಳ್ಳಿ ತಂದ್ರು, ಅದ್ರಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನಾನೂ ಇತ್ತು.

ಹಂತ 6: ನಿಮ್ಮ ಫ್ರೆಂಡ್‌ಗೆ ಬರೆಯೋ ಹಾಗೆ ನಿಮಗೇ ಬರ್ಕೊಳ್ಳಿ

ಇದನ್ನ ಹೇಳಿದ್ರೆ ಗಟ್ಟಿ ಮಕ್ಕಳೆಲ್ಲ ಮುಖ ತಿರುಗಿಸ್ತಾರೆ. ‘ನನ್ನನ್ನ ನಾನೇ ಮುದ್ದು ಮಾಡ್ಕೊಂಡ್ರೆ ಮೆತ್ತಗಾಗ್ಬಿಡ್ತೀನಿ ಅಕ್ಕ, ಬೈಕೊಂಡ್ರೇನೇ ಓಡೋದು.’ ನಾನೂ ಹಾಗೇ ನಂಬಿದ್ದೆ. ಆದ್ರೆ 2013ರಲ್ಲಿ ಕೆನಡಾದ ಏಂಬರ್ ಮೋಸೆವಿಚ್ ಮತ್ತವರ ತಂಡದವರು, ತಮ್ಮನ್ನ ತಾವು ಜಾಸ್ತಿ ಬೈಕೊಳ್ಳೋ ಮಹಿಳಾ ಅಥ್ಲೀಟ್‌ಗಳ ಮೇಲೆ ಮಾಡಿದ ಒಂದು ಪ್ರಯೋಗ ಪ್ರಕಟಿಸಿದ್ರು. ಒಂದು ವಾರ ಅವರಿಂದ ತಮ್ಮ ಬಗ್ಗೆ ಕರುಣೆಯಿಂದ ಬರೆಯೋ ಅಭ್ಯಾಸ ಮಾಡಿಸಿದ್ರು. ಸೋಲನ್ನೇ ಮೆಲುಕು ಹಾಕೋದು, ತಮ್ಮನ್ನ ತಾವೇ ಹಳಿಯೋದು, ತಪ್ಪಿನ ಚಿಂತೆ, ಮೂರೂ ಕಮ್ಮಿ ಆಯ್ತು, ನಾಕು ವಾರ ಬಿಟ್ಟು ನೋಡಿದಾಗ್ಲೂ ಹಾಗೇ ಇತ್ತು.

ಮಾಡೋದು ಹೀಗೆ: ನಿಮ್ಮ ಟೀಮ್‌ನಲ್ಲಿ ನಿಮಗೆ ತುಂಬಾ ಬೇಕಾದೋರು ಯಾರು ಅಂತ ನೆನಪು ಮಾಡ್ಕೊಳ್ಳಿ, ನಿಮಗಾಗಿದ್ದೇ ಅವಳಿಗಾಗಿದ್ರೆ ಏನ್ ಹೇಳ್ತಿದ್ರಿ ಅಂತ ಬರೀರಿ, ‘ಲೇ, ನೀನು ದಂಡ’ ಅಂತ ಬರೀತಿದ್ರಾ? ‘ಆರನೇ ಹರ್ಡಲ್‌ವರೆಗೂ ಎಷ್ಟ್ ಚೆನ್ನಾಗಿತ್ತು ಕಣೇ, ಸುಸ್ತಾದಾಗ ಸ್ಟೆಪ್ಸ್ ಚಿಕ್ಕದಾಗೋದು ಎಲ್ರಿಗೂ ಆಗುತ್ತೆ, ಬಾ, ಎಡಗಾಲು ಬಲಗಾಲು ಎರಡ್ರಲ್ಲೂ ಹಾರೋದು ಕಲಿಯೋಣ’ ಅಂತ ತಾನೇ? ಅದರ ಮೇಲೆ ನಿಮ್ಮ ಹೆಸರು ಬರ್ಕೊಂಡು ಓದಿ. ನೋಡಿ, ಆ ಪತ್ರದಲ್ಲಿ ತಪ್ಪನ್ನ ಮುಚ್ಚಿಟ್ಟಿಲ್ಲ, ಮುಂದಿನ ಕೆಲಸಾನೂ ಇದೆ.

ಹಂತ 7: ವಾಪಸ್ ಗ್ರೌಂಡಿಗೆ

ಪ್ಲಾನ್‌ನಲ್ಲಿ ಏನಿತ್ತೋ ಅಷ್ಟೇ ಮಾಡಿ. ಒಂದು ಸೆಟ್ಟೂ ಹೆಚ್ಚಿಗೆ ಬೇಡ. ಸೋತ ವಾರದಲ್ಲಿ ಹೆಚ್ಚಿಗೆ ಮಾಡೋ ಪ್ರಾಕ್ಟೀಸ್ ತರಬೇತಿ ಅಲ್ಲ ದಂಡನೆ, ನನ್ನ ಪಾದಕ್ಕೆ ಕೇಳಿ.

ಆಮೇಲೆ ಎರಡು ವಾರದೊಳಗೆ ಬೇಕಂತಲೇ ತಪ್ಪು ಆಗೋ ಹಾಗೆ ಪ್ರಾಕ್ಟೀಸ್ ಶುರು ಮಾಡಿ. ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಮೊದಲ ಹರ್ಡಲ್ 45 ಮೀಟರ್‌ಗೆ, ಆಮೇಲೆ ಪ್ರತಿ 35 ಮೀಟರ್‌ಗೆ ಒಂದು. ನಾನು ಒಂದು ಹರ್ಡಲ್‌ನ ಒಂದು ಅಡಿ ಆಚೆನೋ ಈಚೆನೋ ಸರಿಸಿ ಇಟ್ಟಿರ್ತೀನಿ, ಯಾವುದು ಅಂತ ಹೇಳಲ್ಲ. ಸ್ಟೆಪ್ಸ್ ಕೆಡ್ಲೇಬೇಕು. ಕೆಟ್ಟ ಮೇಲೆ ಮುಂದಿನ ಹರ್ಡಲ್‌ಗೆ ಎಷ್ಟು ಬೇಗ ರಿದಮ್ ವಾಪಸ್ ಬಂತು ಅಂತ ಮಾತ್ರ ನೋಡ್ತೀನಿ, ಟೈಮ್ ತೆಗ್ಯೋದೇ ಇಲ್ಲ. ಮೊದಲ ದಿನ ಮಕ್ಕಳು ಸಿಟ್ಟಾಗಿ ನಿಂತುಬಿಡ್ತಾರೆ, ನಾಕನೇ ದಿನಕ್ಕೆ ಬೈಕೊಂಡೇ ದಾಟ್ತಾರೆ, ಒಂದು ತಿಂಗಳಲ್ಲಿ ಹರ್ಡಲ್ ಸರಿದಿದೆ ಅಂತ ಹೇಳೋದೂ ಬಿಡ್ತಾರೆ. ಶಟಲ್‌ನವರು ಗೇಮ್‌ನ 5-15ರಿಂದ, ಅಂದ್ರೆ ಹತ್ತು ಪಾಯಿಂಟ್ ಹಿಂದಿರೋ ಹಾಗೆ, ಶುರು ಮಾಡಿ ಆಡಿಸಬಹುದು.

ಮುಂದಿನ ಸ್ಪರ್ಧೆಗೆ ಹೆಸರು ಬೇಗ ಕೊಡಿ, ದೊಡ್ಡ ಮೀಟೇ ಆಗ್ಬೇಕಾಗಿಲ್ಲ. 2011ರ ದೇಗು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಫೈನಲ್‌ನಲ್ಲಿ ಫಾಲ್ಸ್ ಸ್ಟಾರ್ಟ್ ಮಾಡಿ ಡಿಸ್‌ಕ್ವಾಲಿಫೈ ಆದ, 2010ರಿಂದ ಮೊದಲ ಫಾಲ್ಸ್ ಸ್ಟಾರ್ಟ್‌ಗೇ ಹೊರಗೆ ಹಾಕೋ ರೂಲ್ ಬಂದಿತ್ತು. ಒಂದು ವಾರ ಕೂಡ ಆಗಿರ್ಲಿಲ್ಲ, ಅದೇ ಟ್ರ್ಯಾಕ್‌ನಲ್ಲಿ 200 ಮೀಟರ್ 19.40ಕ್ಕೆ ಗೆದ್ದ. ಮೀರಾಬಾಯಿ ಚಾನು 2016ರ ರಿಯೋದಲ್ಲಿ ವೇಟ್‌ಲಿಫ್ಟಿಂಗ್‌ನ ಎರಡನೇ ಭಾಗವಾದ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನದಲ್ಲಿ ಫೇಲ್ ಆಗಿ ಹೆಸರಿನ ಮುಂದೆ ಟೋಟಲ್ಲೇ ಇಲ್ಲದೆ ವಾಪಸ್ ಬಂದ್ರು, 2017ರಲ್ಲಿ ವಿಶ್ವ ಚಾಂಪಿಯನ್ ಆದ್ರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 202 ಕೆಜಿ ಎತ್ತಿ ಬೆಳ್ಳಿ ತಂದ್ರು. ಎಲ್ರೂ ಹೀಗೆ ವಾಪಸ್ ಬರ್ತಾರೆ ಅಂತ ನಾನು ಭರವಸೆ ಕೊಡಲ್ಲ. ಆದ್ರೆ ಸೋತ ಜಾಗಕ್ಕೆ ಮತ್ತೆ ಕಾಲಿಡೋದು ಎಷ್ಟು ತಡ ಆಗುತ್ತೋ ಹೆದರಿಕೆ ಅಷ್ಟು ಬೆಳೆಯುತ್ತೆ, ಅದು ಮಾತ್ರ ನಾನು ಕಣ್ಣಾರೆ ಕಂಡಿದ್ದು.

ಹಂತ 8: ಅಪ್ಪ ಅಮ್ಮ, ಕೋಚ್‌ಗಳಿಗೆ

ಮನೆಗೆ ಬರೋ ಕಾರಲ್ಲಿ, ಬಸ್ಸಲ್ಲಿ ರೇಸ್ ಬಗ್ಗೆ ನೀವಾಗೇ ಎತ್ತಬೇಡಿ. ‘ಎಷ್ಟನೇ ಪ್ಲೇಸ್ ಬಂತು’ ಅನ್ನೋ ಬದಲು ‘ಊಟ ಆಯ್ತಾ ಮಗಳೇ’ ಅಂತ ಕೇಳಿ, ಪ್ಲೇಸ್ ಅವಳೇ ಹೇಳ್ತಾಳೆ. ಗೆದ್ದ ದಿನ ಹೋಟೆಲ್, ಸೋತ ದಿನ ಮೌನ ಅನ್ನೋ ಹಾಗಿದ್ರೆ ಮಗು ಅದನ್ನ ಒಂದೇ ಸಲಕ್ಕೆ ಕಲಿಯುತ್ತೆ. ‘ನಿನಗೋಸ್ಕರ ಎಷ್ಟು ಖರ್ಚು ಮಾಡಿದ್ದೀವಿ’ ಅನ್ನೋ ಮಾತು ದಯವಿಟ್ಟು ಬೇಡ, ಒಂದು ಜೊತೆ ಸ್ಪೈಕ್ಸ್ ಎಷ್ಟಾಗುತ್ತೆ ಅಂತ ಮಕ್ಕಳಿಗೆ ಗೊತ್ತು, ನಿಮಗಿಂತ ಜಾಸ್ತಿ ಅವರೇ ಆ ಲೆಕ್ಕ ಹಾಕ್ತಿರ್ತಾರೆ. ಆ ಗ್ಯಾಲರಿ ಕೆಳಗೆ ಕೂತಿದ್ದ ಹುಡುಗಿ ಅವತ್ತು ಕೊನೆಗೆ ಹೇಳಿದ್ದು ಓಟದ ಬಗ್ಗೆ ಅಲ್ಲ, ‘ಅಪ್ಪ ರಜೆ ಹಾಕಿ ಬಸ್ ಚಾರ್ಜ್ ಕೊಟ್ಟು ಕಳಿಸಿದ್ರು ಅಕ್ಕ’ ಅಂತ. ಅಪ್ಪನಿಗೆ ಆಮೇಲೆ ನಾನೇ ಫೋನ್ ಮಾಡಿದೆ, ಪಾಪ ಆ ಮನುಷ್ಯ ಕೇಳಿದ್ದು ಅವಳು ತಿಂಡಿ ತಿಂದ್ಲಾ ಅಂತ ಮಾತ್ರ.

ಕೋಚ್‌ಗಳು ತಿದ್ದೋದನ್ನ ಎಲ್ಲರ ಮುಂದೆ ಮಾಡ್ಬೇಡಿ, ರೇಸ್ ದಿನ ಅಂತೂ ಬೇಡವೇ ಬೇಡ. ನಿಮ್ಮ ತಪ್ಪನ್ನೂ ಒಪ್ಕೊಳ್ಳಿ. ‘ವಾರ್ಮಪ್ ಟೈಮ್ ನಾನು ತಪ್ಪು ಹೇಳ್ದೆ’ ಅಂತ ಕೋಚ್ ಬಾಯಲ್ಲಿ ಒಂದ್ಸಲ ಕೇಳಿದ ಮಗುಗೆ ತಪ್ಪು ಒಪ್ಕೊಳ್ಳೋದು ಅಷ್ಟು ಭಯಂಕರ ಅನ್ಸಲ್ಲ.

ಹಂತ 9: ಇದು ನಿಮ್ಮ ಕೈ ಮೀರಿದೆ ಅನ್ಸಿದ್ರೆ

ಎರಡು ವಾರ ದಾಟಿದ್ರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಥವಾ ತೂಕಕ್ಕೋಸ್ಕರ ಊಟ ಬಿಡ್ತಿದ್ದೀರಿ, ಗಾಯ ಆದ್ರೂ ಓಡ್ತಾನೇ ಇದ್ದೀರಿ, ಇಷ್ಟ ಇದ್ದಿದ್ದೆಲ್ಲ ಬೇಡ ಅನ್ಸ್ತಿದೆ, ನನ್ನಂಥೋಳು ಇದ್ದೇನು ಪ್ರಯೋಜನ ಅನ್ನೋ ಯೋಚನೆ ಬರ್ತಿದೆ ಅಂದ್ರೆ ನೋಟ್‌ಬುಕ್ಕು ಕಾಲಮ್ಮು ಇದ್ಯಾವುದೂ ಸಾಲಲ್ಲ, ಡಾಕ್ಟರ್ ಅಥವಾ ಕೌನ್ಸೆಲರ್ ಬೇಕು. ಈ ಕೊನೇ ಯೋಚನೆ ಬಂದಿದ್ರೆ ಎರಡು ವಾರ ಕಾಯೋದೇನೂ ಬೇಡ, ಇವತ್ತೇ ಯಾರಿಗಾದ್ರೂ ಹೇಳಿ. ಸೋತೋರಿಗೆ ಮಾತ್ರ ಹೀಗಾಗುತ್ತೆ ಅಂತಾನೂ ಅಲ್ಲ, 2008ರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಗೆದ್ದ ಮೇಲೇ ತನಗೆ ಮನಸ್ಸಿನ ಕಷ್ಟ ಶುರುವಾಗಿದ್ದು ಅಂತ ಬಹಿರಂಗವಾಗಿ ಮಾತಾಡಿದ್ದಾರೆ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ್ಲಾದ್ರೂ ಮಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಎತ್ತಿದಾಗ ಏನ್ ಹೇಳ್ಬೇಕು ಅಂತ ತೋಚದೆ ಇದ್ರೆ ‘ರೇಸ್ ಸೋತೆ, ಅವತ್ತಿಂದ ಸರಿಯಾಗಿ ನಿದ್ದೆ ಬರ್ತಿಲ್ಲ’ ಅಂತ ಇಷ್ಟು ಹೇಳಿ, ಮುಂದಿನದ್ದು ಅವರೇ ಕೇಳ್ತಾರೆ.